ಸಿದ್ಧಾರ್ಥಿ ಸಂವತ್ಸರದ ನಾಲ್ಕು ತಂತಿ

ಪಾರ್ಥಿವ ಸಂವತ್ಸರ, ಕಾರ್ತಿಕ ಶುದ್ಧ
೬ ನವೆಂಬರ್ ೨೦೦೫, ಭಾನುವಾರ

“ಶ್ರೀ ಅಭಿರಾಮ್ ಅವರಿಗೆ, ವಂದನೆಗಳು. ಕಳೆದ ವಾರ ತಮಗೆ ಬರೆದ ಪತ್ರದಲ್ಲಿ ಒಂದು ತಪ್ಪು ನುಸುಳಿದೆ, ಮನ್ನಿಸಬೇಕು. ಗುಬ್ಬಿಯ ಶಿವರಾತ್ರಿ ಕಾರ್ಯಕ್ರಮದ ಚಿತ್ರಸುರುಳಿಯಲ್ಲಿ ಹಿಂದಿನ ಸಾಲಿನಲ್ಲಿ ಕಾಣುವ ವಾದ್ಯಕ್ಕೆ ಆರು ತಂತಿಗಳೆಂದು ನೆನಪಿನಿಂದ ಬರೆದಿದ್ದೆ. ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿರುವ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದಾಗ ಬಿರಡೆಗಳು ನಾಲ್ಕೇ ಇವೆ. ಆದುದರಿಂದ ಅದು ನಾಲ್ಕು ತಂತಿಗಳ ಮಂದ್ರವಾದ್ಯ. ಉಳಿದ ವಿವರಗಳಲ್ಲಿ, ಎಂದರೆ ದಿನಾಂಕದಲ್ಲಿ ಮತ್ತು ವಾದಕರ ಹೆಸರಿನಲ್ಲಿ, ಬದಲಾವಣೆಯಿಲ್ಲ. ಇತಿ, ಶ್ರೀಕಂಠಯ್ಯ, ಉಪ್ಪಾರಹಳ್ಳಿ.”

ಅಂಚೆಗೆ ಹಾಕುವ ಮೊದಲು ಪ್ರತಿ ತೆಗೆದುಕೊಳ್ಳುವುದು ನನ್ನ ನಲವತ್ತು ವರ್ಷಗಳ ಅಭ್ಯಾಸ.

ಅಭಿರಾಮ್ ಎಂಬವರು ಬಟವಾಡಿಯಲ್ಲಿ ವಾದ್ಯಗಳನ್ನು ಸರಿಪಡಿಸುವ ಅಂಗಡಿ ಇಟ್ಟಿದ್ದಾರೆ. ಮೂವತ್ತರ ಆಸುಪಾಸು. ಹಳೆಯ ಕಾರ್ಯಕ್ರಮಗಳ ಚಲನಚಿತ್ರಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು, ಅವುಗಳಲ್ಲಿ ಕಾಣುವ ವಿದ್ಯುತ್ ತಂತಿವಾದ್ಯಗಳು ಯಾವ ದೇಶದವು, ಯಾವ ಕಾಲದವು ಎಂದು ಗುರುತಿಸುವುದು ಅವರ ಹವ್ಯಾಸ. ನಮ್ಮ ‘ಗೀತಮಂದಾರ ವಾದ್ಯವೃಂದ’ದ ಮೂರು ನಿಮಿಷದ ಚಿತ್ರಸುರುಳಿಯೊಂದು ಗುಬ್ಬಿಯ ಛಾಯಾಗ್ರಾಹಕರೊಬ್ಬರ ಮನೆಯಲ್ಲಿ ಅವರಿಗೆ ಸಿಕ್ಕಿದೆಯಂತೆ. ಸಂಚಿಕೆಗೆಂದು ಆ ಛಾಯಾಗ್ರಾಹಕರು ಹಿಂದೆ ನನಗೆ ಮುದ್ರಿಸಿ ಕೊಟ್ಟಿದ್ದ ಚಿತ್ರವೂ ಅದರದೇ. ನಾನು ಆ ವೃಂದದ ನಿರೂಪಕ, ದಾಖಲೆಕಾರ, ೨೦೦೩ರಲ್ಲಿ ಹೊರತಂದ ಸ್ಮರಣ ಸಂಚಿಕೆಯ ಸಂಪಾದಕ. ಆದುದರಿಂದ ಪ್ರಶ್ನೆಗಳು ನನ್ನ ಬಳಿಗೆ ಬಂದವು. ಆ ಸಂಚಿಕೆಯ ತೊಂಬತ್ತಾರು ಪುಟಗಳಲ್ಲಿ ಒಂದೂ ಅಚ್ಚಿನ ದೋಷವಿಲ್ಲ.

ಪಾರ್ಥಿವ ಸಂವತ್ಸರ, ಕಾರ್ತಿಕ ಶುದ್ಧ
೯ ನವೆಂಬರ್ ೨೦೦೫, ಬುಧವಾರ

ಅಭಿರಾಮ್ ಉತ್ತರ ಬರೆಯುವ ಬದಲು ತಾವೇ ಬಂದು ಬಾಗಿಲಲ್ಲಿ ನಿಂತರು.

“ಸರ್, ಉಪ್ಪಾರಹಳ್ಳಿಯಿಂದ ಬಟವಾಡಿಗೆ ಪೋಸ್ಟಾ? ಒಂದ್ ಫೋನ್ ಮಾಡ್ಬಾರ್ದಾ? ಪೋಸ್ಟ್‌ಮ್ಯಾನ್ ನನ್ನ ನೋಡಿ ನಗ್ತಾನೆ.”

“ದೂರವಾಣಿಯಲ್ಲಿ ಆಡಿದ ಮಾತಿಗೆ ಪ್ರತಿ ಉಳಿಯುವುದಿಲ್ಲ,” ಎಂದೆ.

“ಸರಿ ಸರ್, ಹತ್ತಿ ಗಾಡಿ. ಫಿಲ್ಮ್ ನೋಡೋಣ ಬನ್ನಿ.”

ಅಂಗಡಿಯಲ್ಲಿ, ಸುರುಳಿಯಿಂದ ಇಳಿಸಿಕೊಂಡ ಅಡಕಮುದ್ರಿಕೆಯನ್ನು, ಅವರ ಮಾತಿನಲ್ಲಿ ‘ಸಿಡಿ’ಯನ್ನು, ಹಾಕಿದರು. ಚಿತ್ರಕ್ಕೆ ಶಬ್ದವಿಲ್ಲ. ಮುಂದೆ ಗಾಯಕ, ಎಡಕ್ಕೆ ಆರು ತಂತಿಯವರು, ಹಿಂದೆ ತಾಳವಾದ್ಯ, ಅದರ ಪಕ್ಕದಲ್ಲಿ ನಾಲ್ಕು ತಂತಿಯವರು. ಅವರ ಮುಖ ಕಾಣುವುದಿಲ್ಲ. ವೇದಿಕೆಯ ಮೇಲೆ ಕಟ್ಟಿದ ಬಟ್ಟೆಯ ಫಲಕ ಜೋತುಬಿದ್ದು ಸರಿಯಾಗಿ ಅವರ ಮುಖಕ್ಕೇ ಅಡ್ಡವಾಗಿದೆ. ಆ ಫಲಕ ನನಗೆ ನೆನಪಿದೆ. ‘ಸುಸ್ವಾಗತ’ ಎಂದು ಬರೆಸಿಕೊಂಡು ಬಂದಿದ್ದರು. ‘ಸ್ವಾಗತ’ದಲ್ಲಿಯೇ ‘ಸು’ ಅಡಗಿರುವಾಗ ಮತ್ತೊಂದು ‘ಸು’ ಏಕೆ ಎಂದು ಮೊದಲ ಅಕ್ಷರವನ್ನು ನಾನೇ ಕತ್ತರಿಸಿಹಾಕಿಸಿದ್ದೆ. ಬಟ್ಟೆ ಚಿಕ್ಕದಾಯಿತು, ಹಗ್ಗ ಉದ್ದವಾಯಿತು.

“ಮುಖ ಹೋಗ್ಲಿ ಬಿಡಿ ಸರ್. ಮುಖ ಎಲ್ರೂ ನೋಡ್ತಾರೆ. ನೀವು ಗಿಟಾರಿನ ತಲೆ ನೋಡಿ,” ಎಂದು ಅಭಿರಾಮ್ ಚಿತ್ರವನ್ನು ತಡೆದು ನಿಲ್ಲಿಸಿದರು. “ಈ ಎಡಗಡೇದು ಕಲ್ಕತ್ತಾದ್ದು. ಗುಂಡಿ ಮೂರೂ ಒಂದೇ ಸಾಲಲ್ಲಿವೆ, ನೋಡಿ. ಹಿಂದಿರೋ ಬಾಸ್, ಅಬ್ಬಾ, ಪಿಟೀಲಿನ ಥರ ಸೊಂಟ. ಜರ್ಮನಿದು ಅಂತ ಮೊದ್ಲು ಕುಣಿದ್ಬಿಟ್ಟೆ. ಅಲ್ಲ. ತಲೆ ಮೇಲೆ ಹೆಸರಿಲ್ಲ, ಮೈಯ ಅಂಚು ದಪ್ಪ. ಅರವತ್ತರ ದಶಕದ ಜಪಾನ್ ಕಾಪಿ.”

“ಬೆಂಗಳೂರಿನ ಉಪಾಹಾರಗೃಹವೊಂದರ ವಾದ್ಯದವರಿಂದ ಕೊಂಡದ್ದು,” ಎಂದೆ.

“ಹೌದಾ! ಈಗ ಇಲ್ನೋಡಿ. ಕಿವಿ, ಅದೇ ನಿಮ್ಮ ಬಿರಡೆ, ನಾಲ್ಕಿವೆ, ಈ ಕಡೆ ಎರಡು, ಆ ಕಡೆ ಎರಡು. ಮೂರನೇದು ಮಾತ್ರ ಫಳಫಳ ಅಂತಿದೆ. ಅದು ಕಂಪನಿದಲ್ಲ. ಯಾರೋ ಹಿತ್ತಾಳೇಲಿ ಇಲ್ಲೇ ಮಾಡ್ಸಿ ಹಾಕಿದಾರೆ. ಯಾವತ್ತು ಹಾಕ್ಸಿದ್ದು ಅಂತ ಗೊತ್ತಾದ್ರೆ, ಫಿಲ್ಮ್ ಅದರಿಂದ ಈಚೇದು ಅಂತ ಗ್ಯಾರಂಟಿ.”

“ದಿನಾಂಕ ಗೊತ್ತಿರುವುದೇ. ೧೯೭೯ರ ಫೆಬ್ರವರಿ ೨೫. ನುಡಿಸುತ್ತಿರುವವರು ಲಕ್ಷ್ಮೀಕಾಂತ್.”

“ಅದು ನೀವು ಬರೆದಿರೋದು ಸರ್. ಗಿಟಾರ್ ಏನನ್ನುತ್ತೆ ಕೇಳೋಣ.”

ಮಾತು ಸ್ವಲ್ಪ ಅಧಿಕವಾಯಿತು. ಆದರೂ ಕೆಲಸದಲ್ಲಿ ಶ್ರದ್ಧೆಯಿದೆ.

ಪಾರ್ಥಿವ ಸಂವತ್ಸರ, ಕಾರ್ತಿಕ ಶುದ್ಧ
೧೦ ನವೆಂಬರ್ ೨೦೦೫, ಗುರುವಾರ

ವೃಂದದ ಮುಖ್ಯಸ್ಥರಾಗಿದ್ದ ದಿವಂಗತ ಮಹಾಲಿಂಗಯ್ಯನವರ ವಾದ್ಯಗಳ ಪುಸ್ತಕ ನನ್ನ ಕಪಾಟಿನಲ್ಲಿಯೇ ಇದೆ. ತೆಗೆದು ನೋಡಿದೆ.

“9-12-79. ಬಾಸ್ ಮೂರನೆ ಕಿವಿ ಮುರುದು ಕದರಯ್ಯ ಕುಣಿಗಲಲ್ಲಿ ಹಿತ್ತಾಳೆದು ಹಾಕಿಸ್ದ.”

ಡಿಸೆಂಬರ್‌ನಲ್ಲಿ ಹಾಕಿಸಿದ ಹಿತ್ತಾಳೆಯ ಕಿವಿ ಅದೇ ವರ್ಷದ ಫೆಬ್ರವರಿಯಲ್ಲಿ ಮಿನುಗುವುದು ಹೇಗೆ? ಮಹಾಲಿಂಗಯ್ಯನವರು ‘ಮುರಿದು’ ಎಂಬುದನ್ನೇ ಸರಿಯಾಗಿ ಬರೆದವರಲ್ಲ. ದಿನಾಂಕವನ್ನು ಸರಿಯಾಗಿ ಬರೆದಾರೆ? ತಪ್ಪು ಅವರದೇ ಇರಬೇಕು.

ಕದರಯ್ಯ ಮಾರ್ಕೋನಹಳ್ಳಿ ಜಲಾಶಯದ ಕಾಲುವೆಗಳಿಗೆ ನೀರು ಬಿಡುವ ನೀರುಗಂಟಿ. ಲಕ್ಷ್ಮೀಕಾಂತ್ ೧೯೭೯ರ ಜೂನ್‌ನಲ್ಲಿ ಬಿಟ್ಟ ಮೇಲೆ, ಆಗಸ್ಟ್‌ನಲ್ಲಿ ಆ ಜಾಗಕ್ಕೆ ಬಂದವರು. ಅವರ ವಾದ್ಯವನ್ನು ವೇದಿಕೆಯಲ್ಲಿ ‘ಬಾಸ್’ ಎಂದು ಹೇಳಲು ನಾನು ಒಪ್ಪಲಿಲ್ಲ. ಹಾಗೆಂದರೆ ಯಜಮಾನನೆಂದು ಜನ ತಿಳಿಯುತ್ತಾರೆ. ‘ಮಂದ್ರತಂತಿ’ ಎಂದೆ; ಜನ ನಕ್ಕರು. ಕೊನೆಗೆ ಗಾಯಕರ, ಮುಂದಿನ ಸಾಲಿನವರ ಹೆಸರುಗಳನ್ನು ಹೇಳಿ ‘ಮತ್ತು ಸಂಗಡಿಗರು’ ಎಂದು ಮುಗಿಸುತ್ತಿದ್ದೆ. ಹನ್ನೆರಡು ವರ್ಷ ಹಾಗೆಯೇ ನಡೆಯಿತು. ಭಾಷೆಯ ದೃಷ್ಟಿಯಿಂದ ಅದರಲ್ಲಿ ದೋಷವಿರಲಿಲ್ಲ.

೧೩ ನವೆಂಬರ್ ೨೦೦೫, ಭಾನುವಾರ

ತಪ್ಪು ನನ್ನದು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಕಮಲಾಕ್ಷಮ್ಮನನ್ನು ಸುಮ್ಮನೆ ಕೇಳಿದೆ, ಗುಬ್ಬಿಯ ಶಿವರಾತ್ರಿ ಕಾರ್ಯಕ್ರಮ ನೆನಪಿದೆಯೇ ಎಂದು.

“ನೆನಪಿಲ್ದೆ ಏನು? ಅದಾಗಿ ಎರಡೇ ದಿನಕ್ಕಲ್ವೇ ದೊಡ್ಡ ಸೂರ್ಯಗ್ರಹಣ ಬಂದದ್ದು? ನೀವು ಜಾಗರಣೆ ಮಾಡ್ಕೊಂಡು ಬಂದು, ಗ್ರಹಣದ ದಿನ ಕಿಟಕಿಗೆಲ್ಲ ಕಂಬಳಿ ಕಟ್ಟಿ ಕೂತಿದ್ರಿ. ಬೀದೀಲಿ ಒಂದ್ ನಾಯೀನೂ ಇರ್ಲಿಲ್ಲ. ಸಾರು ಹಾಕ್ಲಾ?”

ಆ ಗ್ರಹಣ ೧೯೮೦ರ ಫೆಬ್ರವರಿ ೧೬. ಇಡೀ ನಾಡಿಗೆ ಗೊತ್ತಿರುವ ದಿನ.

ಕೈ ತೊಳೆದು ಎದ್ದು ನನ್ನ ಕಾರ್ಯಕ್ರಮಗಳ ಪುಸ್ತಕವನ್ನು ತೆಗೆದೆ. ನಾನು ಇಂಗ್ಲಿಷ್ ವರ್ಷವನ್ನು ಬರೆದವನೇ ಅಲ್ಲ. “ಸಿದ್ಧಾರ್ಥಿ ಸಂ. ಮಹಾಶಿವರಾತ್ರಿ, ಗುಬ್ಬಿ” ಎಂದಷ್ಟೇ ಇದೆ. ಸಂಚಿಕೆ ಸಿದ್ಧಪಡಿಸುವಾಗ ಸಂವತ್ಸರಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಸಿದ್ಧಾರ್ಥಿ ಎಂದಿದ್ದ ಕಡೆಯಲ್ಲೆಲ್ಲ ೧೯೭೯ ಎಂದು ಹಾಕುತ್ತ ಹೋದೆ. ಆದರೆ ಸಿದ್ಧಾರ್ಥಿ ಹುಟ್ಟಿದ್ದು ೧೯೭೯ರ ಯುಗಾದಿಯಂದು. ಶಿವರಾತ್ರಿ ಬರುವುದು ಸಂವತ್ಸರದ ಬಾಲದಲ್ಲಿ, ಮುಂದಿನ ವರ್ಷದ ಫೆಬ್ರವರಿಯಲ್ಲಿ. ಪಂಚಾಂಗ ನೋಡುವ ಯಾವ ಮನೆಯ ಹೆಂಗಸಿಗಾದರೂ ಗೊತ್ತಿರುವ ಸಂಗತಿ. ಯುಗಾದಿಗೆ ಮುಂಚೆ ನಡೆದ ಕಾರ್ಯಕ್ರಮಗಳನ್ನೆಲ್ಲ ನಾನು ಒಂದೊಂದು ವರ್ಷ ಹಿಂದಕ್ಕೆ ತಳ್ಳಿದ್ದೇನೆ. ವೃಂದ ಸ್ಥಾಪನೆಯಾದದ್ದು ೧೯೭೭ರ ಜೂನ್. ಅದೇ ವರ್ಷದ ಸಂಕ್ರಾಂತಿಗೆ ಕಾರ್ಯಕ್ರಮ ಕೊಟ್ಟೆವೆಂದು, ಎಂದರೆ ಹುಟ್ಟುವ ಮೊದಲೇ ಹಾಡಿದೆವೆಂದು, ಅಚ್ಚು ಹಾಕಿಸಿದ್ದೇನೆ. ಮುನ್ನೂರು ಪ್ರತಿಗಳು. ಯಾರೂ ಕೇಳಲಿಲ್ಲ.

ಒಬ್ಬರು ಕೇಳಿದ್ದರು.

೨೦೦೩ರ ಜುಲೈಯಲ್ಲಿ ಕದರಯ್ಯ ನನಗೆ ಪತ್ರ ಬರೆದಿದ್ದರು. ಅದರ ಪ್ರತಿಯೂ ನನ್ನಲ್ಲಿದೆ. “ಮೇಸ್ಟ್ರಿಗೆ ಕದರಯ್ಯ ಮಾಡುವ ನಮಸ್ಕಾರ. ಗುಬ್ಬಿ ಪಟದಲ್ಲಿ ಇರದು ನಾನು. ಲಕ್ಷ್ಮಿಕಾಂತಪ್ಪನವರು ಅಲ್ಲ. ಗ್ರಹಣಕ್ಕೆ ಎರಡು ದಿನ ಮುಂಚೆ. ನಾನು ನುಡಿಸದು ಬೇರೆ ಪಟ ಯಾವುದು ಇಲ್ಲ. ಇದಕ್ಕೆ ಹೆಸರು ಹಾಕಿ ಕೊಟ್ಟರೆ ಮಕ್ಕಳಿಗೆ ತೋರಿಸಬಹುದು.”

ನಾನು ಮಾಡಿದ್ದೇನೆಂದರೆ, ಆ ಪತ್ರದಲ್ಲಿದ್ದ ಇಪ್ಪತ್ತೊಂದು ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿದೆ. ಅವರ ಸಹಿಯನ್ನೂ ತಿದ್ದಿದೆ. ‘ಕದಿರಯ್ಯ’ ಎಂಬುದೇ ಶುದ್ಧರೂಪವಿರಬೇಕೆಂದು ನನ್ನ ಊಹೆ. ತಿದ್ದಿದ ಪತ್ರವನ್ನು ನನ್ನದೊಂದು ಪತ್ರದೊಡನೆ ಹಿಂದಕ್ಕೆ ಕಳುಹಿಸಿದೆ. “ನೀವು ವೃಂದಕ್ಕೆ ಸೇರಿದ್ದು ಆಗಸ್ಟ್‌ನಲ್ಲಿ, ಕಾರ್ಯಕ್ರಮ ನಡೆದದ್ದು ಫೆಬ್ರವರಿಯಲ್ಲಿ. ನಿಮ್ಮ ನೆನಪು ತಪ್ಪು. ದಾಖಲೆ ಸುಳ್ಳಾಡುವುದಿಲ್ಲ.”

ಅವರು ಮತ್ತೆ ಬರೆಯಲಿಲ್ಲ. ವಿಷಯ ಮನದಟ್ಟಾಯಿತೆಂದು ನಾನು ಸಂತೋಷಪಟ್ಟಿದ್ದೆ.

೧೪ ನವೆಂಬರ್, ಸೋಮವಾರ

ಏನೂ ಬರೆಯಲಾಗಲಿಲ್ಲ.

೧೮ ನವೆಂಬರ್, ಶುಕ್ರವಾರ

ಲಕ್ಷ್ಮೀಕಾಂತ್‌ಗೆ ಫೋನ್ ಮಾಡಿದೆ. ಈಗ ಶಿವಮೊಗ್ಗದಲ್ಲಿದ್ದಾರೆ. ಗುಬ್ಬಿಯ ಚಿತ್ರದಲ್ಲಿರುವುದು ನೀವೇ ಎಂದು ನಿಮಗೆ ಖಚಿತವಿದೆಯೇ ಎಂದೆ.

“ಅಯ್ಯೋ, ಅದು ನಾನಲ್ಲ ಸರ್. ನಾನು ಗುಬ್ಬೀಲಿ ನುಡಿಸೇ ಇಲ್ಲ. ಪುಸ್ತಕ ಕೈಗೆ ಬಂದ ದಿನವೇ ನಮ್ಮನೇಲಿ ಹೇಳಿದೆ.”

“ನನಗೇಕೆ ಹೇಳಲಿಲ್ಲ?”

“ನಿಮಗಾ ಸರ್? ನೀವು ಬರೆದಿದ್ರಿ. ನಿಮಗೆ ಹೆಂಗೆ ಹೇಳೋದು?”

೨೦ ನವೆಂಬರ್, ಭಾನುವಾರ

ಕದರಯ್ಯನವರಿಗೆ ಪತ್ರ ಬರೆಯುವುದಕ್ಕೆ ಆರು ದಿನಗಳಿಂದ ತೊಡಗಿದ್ದೇನೆ. ‘ಕ್ಷಮಾಪಣೆ ಕೇಳುತ್ತೇನೆ’ ಎನ್ನುವಂತಿಲ್ಲ. ಕ್ಷಮಾಪಣೆ ಎಂದರೇ ಕ್ಷಮೆ ಕೇಳುವುದು. ‘ಕ್ಷಮೆಯಾಚಿಸುತ್ತೇನೆ’ ಎಂದರೆ ಸಭೆಯ ಭಾಷಣದಂತಿದೆ. ‘ಮನ್ನಿಸಿ’ ಎಂಬುದು ಅಭಿರಾಮ್‌ಗೆ ಬರೆದಾಗ ಎಷ್ಟು ಸಲೀಸಾಗಿ ಬಂದಿತ್ತು! ಏಳನೆಯ ಕರಡನ್ನೂ ಹರಿದೆ.

ಕಮಲಾಕ್ಷಮ್ಮ ಚೂರುಗಳನ್ನು ಗುಡಿಸುತ್ತ, “ಕುಣಿಗಲ್ ಏನು ಕಾಶಿಯೇ? ಬಸ್ ಹತ್ತಿ. ಎದುರಿಗೆ ನಿಂತು ಹೇಳಿ. ಬರೆದದ್ದು ಸಾಕು,” ಎಂದಳು.

“ಎದುರಿಗೆ ಮಾತು ತಪ್ಪಿದರೆ?”

“ತಪ್ಪಲಿ ಬಿಡಿ. ಒಂದ್ಸಲ ತಪ್ಪಲಿ.”

೨೭ ನವೆಂಬರ್, ಭಾನುವಾರ

ಮಾರ್ಕೋನಹಳ್ಳಿಗೆ ಹೋಗಿಬಂದೆ. ಅಭಿರಾಮ್ ಸಿಡಿ ಆಡಿಸುವ ಪೆಟ್ಟಿಗೆಯನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಜೊತೆಗೆ ಬಂದರು. ಕುಣಿಗಲ್‌ನಲ್ಲಿ ಬಸ್ಸು ಬದಲಿಸುವಾಗ, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಉಚ್ಚರಿಸಿಕೊಂಡೆ. ನಾಲ್ಕು ಉಪವಾಕ್ಯಗಳು, ಒಂದು ಪೂರ್ಣಕ್ರಿಯಾಪದ. ಎಲ್ಲ ಸರಿಯಾಗಿತ್ತು.

ಮನೆ ಕಾಲುವೆಯ ಏರಿಯ ಪಕ್ಕದಲ್ಲಿದೆ. ಜಗುಲಿಯ ಮೇಲೆ ಕದರಯ್ಯನವರ ಹೆಂಡತಿ ಕದರಮ್ಮ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ಹೆಸರು ಹೇಳಿದೆ.

“ಓಹೋ!” ಎಂದು ಒಳಕ್ಕೆ ಕೂಗಿದರು. “ಈಚೀಕ್ ಬನ್ನಿ, ಯಾರ್ ಬಂದವ್ರೆ ನೋಡಿ. ಕೆಂಪ್ ಶಾಯಿ ಮೇಷ್ಟ್ರು!”

ಕದರಯ್ಯ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಬಂದರು. ತಲೆಯೆಲ್ಲ ಬೆಳ್ಳಗಾಗಿದೆ. “ಸುಮ್ಕಿರೇ ನೀನು. ಬನ್ನಿ ಮೇಷ್ಟ್ರೆ, ಒಳೀಕ್ ಬನ್ನಿ. ಬಿಸ್ಲಲ್ಲಿ ಬಂದಿದೀರಿ. ಮಜ್ಜಿಗೆ ಕುಡೀರಿ ಮೊದ್ಲು.”

ನಾನು ಬಾಯಿ ತೆರೆಯುವಷ್ಟರಲ್ಲಿ ಅಭಿರಾಮ್ ಟಿವಿಗೆ ತಂತಿ ಸಿಕ್ಕಿಸಿ ಚಿತ್ರ ಹಾಕಿಯೇಬಿಟ್ಟರು. ಕದರಯ್ಯ ನೆಲದ ಮೇಲೆ ಕುಳಿತು ನೋಡಿದರು. ಕುರ್ಚಿ ತೋರಿಸಿದರೂ ಏಳಲಿಲ್ಲ.

“ಸದ್ದಿಲ್ವಾ?”

“ಇಲ್ಲ, ಮೂಕಿ,” ಎಂದರು ಅಭಿರಾಮ್.

ಚಿತ್ರ ಮುಗಿಯುವ ಹೊತ್ತಿಗೆ ಕದರಯ್ಯ ಹೇಳಿದರು: “ಯಾರೋ ಚೆನ್ನಾಗ್ ನುಡಿಸ್ತಾವ್ನೆ. ಕೈ ನೋಡಿ, ಆತ್ರ ಇಲ್ಲ. ಡ್ರಮ್ಮಿನೋನ್ಗೆ ಜಾಗ ಬುಟ್ಟು ನುಡಿಸ್ತಾವ್ನೆ.”

“ಅದು ನೀವು, ಕದರಯ್ಯ,” ಎಂದೆ.

“ಲಕ್ಷ್ಮೀಕಾಂತಪ್ಪಾರಲ್ವಾ? ಪುಸ್ತಕ್‌ದಾಗೆ ಹಂಗೇ ಅದಲ್ಲ.”

ನಾನು ವಿವರಿಸಿದೆ. ಸಿದ್ಧಾರ್ಥಿ ಸಂವತ್ಸರ, ಯುಗಾದಿ, ಗ್ರಹಣ, ಮಹಾಲಿಂಗಯ್ಯನವರ ಪುಸ್ತಕ. ಅಭಿರಾಮ್ ಚಿತ್ರವನ್ನು ನಿಲ್ಲಿಸಿ ಹಿತ್ತಾಳೆಯ ಕಿವಿಯನ್ನು ಬೆರಳಿಟ್ಟು ತೋರಿಸಿದರು. ಕದರಯ್ಯ ತಲೆ ಆಡಿಸಿದರು.

“ಕಿವಿ ಹಾಕ್ಸಿದ್ದು ನಾನೇ. ಅದು ಗ್ಯಾಪ್ಕ ಅದೆ. ಗುಬ್ಬಿಗ್ ಹೋಗಿದ್ದು…” ಅಲ್ಲಿಗೇ ನಿಲ್ಲಿಸಿ ಟವೆಲನ್ನು ಮಡಿಸತೊಡಗಿದರು. “ಮೊದ್ಲು ಇತ್ತು ಮೇಷ್ಟ್ರೆ. ಜನ ಎಲ್ಲಿ ಕೂತಿದ್ರು, ಯಾವ್ ಹಾಡಿಗೆ ಚಪ್ಪಾಳೆ ಬಿತ್ತು, ಎಲ್ಲ ಇತ್ತು. ನಿಮ್ ಕಾಗ್ದ ಬಂದ್ಮೇಲೆ ದಿನಾ ಯೋಚ್ನೆ ಮಾಡ್ದೆ. ಓದಿದೋರು ಇಲ್ಲ ಅಂತವ್ರಲ್ಲ, ಬೇರೆ ಯಾವ್ದೋ ಊರ್‌ದು ಗುಬ್ಬಿ ಅನ್ಕಂಡಿದೀನೇನೋ ಅಂತ. ಯೋಚ್ನೆ ಮಾಡ್ತಾ ಮಾಡ್ತಾ ಅಳಿಸ್ಕಂಡೋಯ್ತು. ಈಗ ಬಾ ಅಂದ್ರೂ ಬರಾಕಿಲ್ಲ.”

“ಊರೋರ್ ಬುಟ್ರಾ?” ಎಂದರು ಬಾಗಿಲಲ್ಲಿ ನಿಂತಿದ್ದ ಕದರಮ್ಮ. “‘ಏನ್ ಬಾಸು, ಪುಸ್ತಕ್‌ದಾಗೆ ಇಲ್ವಂತೆ?’ ಅಂತ ಚಾ ಅಂಗ್ಡೀಲಿ ಆಡ್ಕಂಡು ನಗೋರು. ಅಂಗ್ಡಿಗ್ ಹೋಗದ್ನೇ ಬುಟ್ರು ಇವ್ರು. ಮೇಷ್ಟ್ರೆ, ಆ ಕೈ ನೋಡಿ. ಕಿರುಬೆಳ್ಳು ಸೊಟ್ಟ ಅದಲ್ಲ, ಅದು ತೂಬಿನ ಗೇಟ್ಗೆ ಸಿಕ್ಕಿ ಆಗಿದ್ದು. ನಾನ್ ಕಾಣ್ದಿರೋ ಕೈಯಾ? ಆವತ್ತೂ ಹೇಳ್ದೆ, ಇವತ್ತೂ ಹೇಳ್ತೀನಿ. ನನ್ ಮಾತು ಯಾರ್ ಬರ್ಕಂತಾರೆ? ಗುಬ್ಬಿಗೂ ಹೋಗಿದ್ರು, ಅದಕ್ ಮುಂಚೆ ಕುಣಿಗಲ್ ಬಾವುಟದ್ ದಿನಾನೂ ನುಡಿಸಿದ್ರು. ಬಸುರಿ ನಾನು, ಮುಂದ್‌ಗಡೆ ಚಾಪೆ ಮೇಲೆ ಕೂತಿದ್ದೆ.”

ನಾನು ಚಿತ್ರದಲ್ಲಿನ ಕೈಯನ್ನೂ, ಟವೆಲು ಮಡಿಸುತ್ತಿದ್ದ ಕೈಯನ್ನೂ ನೋಡಿದೆ. ಅಚ್ಚಾದ ಚಿತ್ರವನ್ನು ನಾನು ಭೂತಗನ್ನಡಿ ಹಿಡಿದು ನೋಡಿದ್ದೆ. ಕಿರುಬೆರಳನ್ನು ನೋಡಿರಲಿಲ್ಲ.

“ಬುಡೇ ಅತ್ಲಾಗೆ,” ಎಂದು ಕದರಯ್ಯ ನಕ್ಕರು. ಅದರಲ್ಲಿ ಕೊಂಕೇನೂ ಇರಲಿಲ್ಲ. ನನ್ನನ್ನು ಸಮಾಧಾನಪಡಿಸಲೆಂದೇ ನಕ್ಕರು. “ಆಗ ಮೇಷ್ಟ್ರು ನಾನಿಲ್ಲ ಅಂದ್ರು, ಇಲ್ಲ. ಈಗ ಇದೀನಿ ಅಂತವ್ರೆ, ಇದೀನಿ. ಇನ್ನೇನಂತೆ? ಊಟ ಮಾಡ್ಕಂಡ್ ಹೋಗಿ.”

ನನ್ನ ವಾಕ್ಯದ ಒಂದು ಪದವೂ ನಾಲಗೆಗೆ ಬರಲಿಲ್ಲ. “ತಪ್ಪಾಯ್ತು,” ಎಂದೆ. ಅವರು ನನ್ನ ಮೊಣಕೈ ಹಿಡಿದು, “ಅಯ್ಯೋ, ಬುಡಿ, ದೊಡ್ಡೋರು ನೀವು,” ಎಂದರು.

ಹೊರಡುವಾಗ, ಕುಣಿಗಲ್‌ನ ಆ ಗಣರಾಜ್ಯೋತ್ಸವದ ಕಾರ್ಯಕ್ರಮ ನಿಮಗೆ ನೆನಪಿದೆಯೇ ಎಂದು ಕೇಳಿದೆ. ನೆನಪಿದೆಯೆಂದು ಅವರ ಬಾಯಿಂದ ಬಂದರೆ ಸಾಕಾಗಿತ್ತು.

“ನನ್ನ ಕೇಳ್‌ಬ್ಯಾಡಿ ಮೇಷ್ಟ್ರೆ. ನೀವೇ ನೋಡಿ ಬರ್ಕಳಿ.”

ಸಿಡಿಯನ್ನು ಅಲ್ಲಿಯೇ ಬಿಟ್ಟುಬಂದೆವು. ಅವರು ಬೇಡವೆಂದರು, ಕದರಮ್ಮ ಕಿತ್ತುಕೊಂಡು ಸೆರಗಿಗೆ ಒರೆಸಿ ಒಳಗೆ ಇಟ್ಟರು. ತುಮಕೂರಿನಲ್ಲಿ ಬಸ್ಸಿಳಿಯುವಾಗ ಅಭಿರಾಮ್, “ಗಿಟಾರ್ ಯಾವ್ದು ಅಂತ ಸಿಕ್ತು ಸರ್, ಅವ್ರಿಗೆ ಗುಬ್ಬಿ ಸಿಗ್ಲಿಲ್ಲ,” ಎಂದರು.

೩೦ ನವೆಂಬರ್, ಬುಧವಾರ

ಎಲ್ಲ ಕಾರ್ಯಕ್ರಮಗಳನ್ನೂ ಮತ್ತೆ ಪರಿಶೀಲಿಸಿದೆ. ಯುಗಾದಿಯಿಂದ ಡಿಸೆಂಬರ್‌ವರೆಗಿನವು ಸರಿಯಿವೆ. ಯುಗಾದಿಗೆ ಮುಂಚಿನವು ನಾಲ್ಕಕ್ಕೆ ನಾಲ್ಕೂ ತಪ್ಪು. ಕುಣಿಗಲ್ಲಿನಲ್ಲಿ ನುಡಿಸಿದವರು ಯಾರೆಂದು ತಾಳೆ ನೋಡಲು ಮಹಾಲಿಂಗಯ್ಯನವರ ಪುಸ್ತಕದಲ್ಲಿಯೂ ಏನೂ ಸಿಗಲಿಲ್ಲ. ಹಿಂದೆಯಾಗಿದ್ದರೆ ಆ ಸಾಲನ್ನು ಕೈಬಿಡುತ್ತಿದ್ದೆ.

ಕಮಲಾಕ್ಷಮ್ಮ ಕರಡನ್ನು ಓದಿ, ‘ಗಿಟಾರು’ ಎಂದು ಎರಡು ಕಡೆ ಬರೆದಿದ್ದೀರಲ್ಲ ಎಂದಳು. ಮತ್ತೇನೆಂದು ಬರೆಯಬೇಕು ಎಂದೆ.

೪ ಡಿಸೆಂಬರ್, ಭಾನುವಾರ

ಸಂಚಿಕೆ ಪಡೆದ ಮುನ್ನೂರು ಮಂದಿಗೂ ನಾಳೆ ಅಂಚೆಯಲ್ಲಿ ಹೋಗಬೇಕಾದ ಹಾಳೆಯ ಪ್ರತಿ (ಪುಟಗಳ ಕ್ರಮವನ್ನು ಬೇಕೆಂದೇ ಬಿಟ್ಟಿದ್ದೇನೆ):

ಗೀತಮಂದಾರ ವಾದ್ಯವೃಂದದ ಸ್ಮರಣ ಸಂಚಿಕೆಯಲ್ಲಿ ಸಂಪಾದಕನು ಮಾಡಿದ ತಪ್ಪುಗಳು ಮತ್ತು ಅವುಗಳ ತಿದ್ದುಪಡಿ

ಪುಟ ೧೧. ತುಮಕೂರು, ಸಂಕ್ರಾಂತಿ. ೧೪-೧-೧೯೭೭ ಎಂದಿರುವುದು ೧೪-೧-೧೯೭೮ ಎಂದಾಗಬೇಕು. ಆಧಾರ: ಪಂಚಾಂಗ.

ಪುಟ ೪೦. ತುಮಕೂರು, ಗಣರಾಜ್ಯೋತ್ಸವ. ೨೬-೧-೧೯೮೦ ಎಂದಿರುವುದು ೨೬-೧-೧೯೮೧ ಎಂದಾಗಬೇಕು. ಆಧಾರ: ಪಂಚಾಂಗ. ‘ಮತ್ತು ಸಂಗಡಿಗರು’ ಎಂಬಲ್ಲಿ ಬಾಸ್ ಗಿಟಾರು: ಕದರಯ್ಯ ಎಂದು ಸೇರಿಸಿಕೊಳ್ಳುವುದು.

ಪುಟ ೨೬. ಕುಣಿಗಲ್, ಗಣರಾಜ್ಯೋತ್ಸವ. ೨೬-೧-೧೯೭೯ ಎಂದಿರುವುದು ೨೬-೧-೧೯೮೦ ಎಂದಾಗಬೇಕು. ಬಾಸ್ ಗಿಟಾರು: ಕದರಯ್ಯ. ಆಧಾರ: ಚಾಪೆಯ ಮೇಲೆ ಕುಳಿತು ಕೇಳಿದ ಕದರಮ್ಮನವರು.

ಪುಟ ೨೭, ಚಿತ್ರ. ಗುಬ್ಬಿ, ಮಹಾಶಿವರಾತ್ರಿ. ೨೫-೨-೧೯೭೯ ಎಂದಿರುವುದು ೧೪-೨-೧೯೮೦ ಎಂದಾಗಬೇಕು. ಹಿಂದಿನ ಸಾಲಿನಲ್ಲಿ, ಮುಖ ಕಾಣದಿರುವವರು: ಕದರಯ್ಯ, ಬಾಸ್ ಗಿಟಾರು. ಆಧಾರ: ಅವರು ಹೇಳಿದ್ದರು.